ಲೀಸ್ ಮುಗಿಯುವ ಮೊದಲೇ ನೋಡ್ ಸುಮ್ಮನಾಗಬೇಕು: ನನ್ನ ಅನುಭವ

ಅಡಿಕೆ ಬೆಳೆಗಾರರಿಗೆ ಮಳೆ ಮತ್ತು ಕೊಳೆರೋಗದ ಎಚ್ಚರಿಕೆ ಕಳಿಸುವುದು ನಮ್ಮ ಕೆಲಸ. ತೀರ್ಥಹಳ್ಳಿ, ಹೊಸನಗರ, ಸಾಗರ, ಆಗುಂಬೆಯಲ್ಲಿ ಒಂದೊಂದು ನೋಡ್ (ಎಚ್ಚರಿಕೆ ಕಳಿಸುವ ಕಂಪ್ಯೂಟರ್) ಇದೆ. ಶಿವಮೊಗ್ಗದಲ್ಲಿ ಮೂರು ಮಷೀನಿನ ಈಟಿಸಿಡಿ, ಅಂದರೆ ಯಾವ ಊರು ಯಾವ ನೋಡಿನದ್ದು ಅನ್ನುವ ಲೆಕ್ಕ ಇಡುವ ಡೇಟಾಬೇಸ್. ಊರು ನೋಡಿಗೆ ಸಿಗುವುದು ಲೀಸ್ ಮೇಲೆ, ಅಂದರೆ ಇಷ್ಟು ಹೊತ್ತಿಗೆ ಅಂತ. ನೋಡಿನಿಂದ "ಬದುಕಿದ್ದೇನೆ" ಅನ್ನುವ ಹಾರ್ಟ್‌ಬೀಟ್ ಬರುತ್ತಿದ್ದರೆ ಲೀಸ್ ಮುಂದುವರಿಯುತ್ತದೆ. ಒಂದು ನೋಡ್ ಬಿದ್ದರೆ ಅದರ ಊರುಗಳನ್ನು ಪಕ್ಕದ್ದು ವಹಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಹೋಗುತ್ತದೆ. ಹಾರ್ಟ್‌ಬೀಟ್ ಶಿವಮೊಗ್ಗಕ್ಕೆ ತಲುಪಲ್ಲ. ಆದರೆ ನೋಡ್ ಸತ್ತಿರಲ್ಲ, ಸಿಮ್ ಡೇಟಾದಲ್ಲಿ ಎಸ್ಸೆಮ್ಮೆಸ್ ಗೇಟ್‌ವೇಗೆ ಕಳಿಸುತ್ತಲೇ ಇರುತ್ತದೆ. ಇತ್ತ ಪಕ್ಕದ ನೋಡೂ ಶುರು ಮಾಡುತ್ತದೆ. "ಎರಡೆರಡು ಸಲ ಔಷಧಿ ಹೊಡೀಬೇಕಾ ಮಾರಾಯ್ರೇ?" ಅಂತ ರೈತರ ಫೋನ್.

ದುಡ್ಡಿನ ಪೆಟ್ಟು ಜಾಸ್ತಿ. ಕನ್ನಡದ ಎಸ್ಸೆಮ್ಮೆಸ್‌ಗೆ 70 ಅಕ್ಷರದ ಮಿತಿ, ದಾಟಿದರೆ ತುಂಡಿಗೆ 67. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ನಮ್ಮ ಒಂದು ಎಚ್ಚರಿಕೆ ಮೂರು ತುಂಡು, ತುಂಡಿಗೆ 15-20 ಪೈಸೆ. ತಿಂಗಳಿಗೆ 18 ಸಾವಿರದ ಆಸುಪಾಸು ಇದ್ದ ಬಿಲ್ ಒಂದು ಜುಲೈನಲ್ಲಿ 30 ದಾಟಿತು.

ಲೀಸ್ ಐದು ನಿಮಿಷಕ್ಕೆ ಏರಿಸಿದೆ. ಆಗ ನಿಜವಾಗಿ ಸತ್ತ ನೋಡಿನ ಊರುಗಳಿಗೆ ಅಷ್ಟು ಹೊತ್ತು ಏನೂ ಹೋಗಲಿಲ್ಲ. ಶಿವಮೊಗ್ಗಕ್ಕೆ ಹೋಗುವ ವಿಪಿಎನ್ ಅನ್ನೂ ಸಿಮ್ ಮೇಲೆ ಹಾಕಿದೆ. ಕರೆಂಟ್ ಹೋದರೆ ಟವರೂ ಮಿಣುಕಾಡುತ್ತದೆ. ಬಿಟ್ಟು ಬಿಟ್ಟು ಬರುವ ಸಂಪರ್ಕ ಪೂರ್ತಿ ಇಲ್ಲದ್ದಕ್ಕಿಂತ ಕೆಟ್ಟದ್ದು. ಸಂದೇಶ ಸಾಗಿಸುವ ಸಾಫ್ಟ್‌ವೇರ್ ಕಾಫ್ಕಾದ ಕನ್ಸ್ಯೂಮರ್ ಗ್ರೂಪ್ (ಕೆಲಸ ಹಂಚಿಕೊಳ್ಳುವ ಗುಂಪು) ಕೂಡ ನೋಡಿದೆ. ಅದರ 3.0 ಆವೃತ್ತಿಯಲ್ಲಿ ಡೀಫಾಲ್ಟ್ ಸೆಷನ್ ಟೈಮ್‌ಔಟ್ (ಹಾರ್ಟ್‌ಬೀಟ್ ಬರದಿದ್ದರೂ ಕಾಯುವ ಹೊತ್ತು) 10ರಿಂದ 45 ಸೆಕೆಂಡಿಗೆ ಏರಿದ್ದು ಒಳ್ಳೆಯದೇ. ಆದರೆ ಈಗಾಗಲೇ ಹೊರಗೆ ಹೋದ ಎಸ್ಸೆಮ್ಮೆಸ್ಸನ್ನು ಹಳೆಯ ಒಡೆಯನನ್ನು ಗುರುತಿಸಿ ತಡೆಯುವ ಯಾವ ಈಪಾಕ್ ನಂಬರೂ ವಾಪಸ್ ತರಲ್ಲ, ಅಲ್ವಾ?

ಕೊನೆಗೆ ಗೆದ್ದದ್ದು ಇದು: ಲೀಸ್ 30 ಸೆಕೆಂಡ್. ಹಾರ್ಟ್‌ಬೀಟ್ ಆರೇಳು ಸೆಕೆಂಡಿಗೊಂದು. ಉತ್ತರ ಸಿಕ್ಕಿದ ಕೊನೆಯ ಹಾರ್ಟ್‌ಬೀಟಿನಿಂದ 20 ಸೆಕೆಂಡ್ ದಾಟಿದರೆ ನೋಡ್ ತಾನೇ ಕಳಿಸುವುದು ನಿಲ್ಲಿಸುತ್ತದೆ. ಎಣಿಕೆ ಉತ್ತರ ಬಂದ ಗಳಿಗೆಯಿಂದಲ್ಲ, ಹಾರ್ಟ್‌ಬೀಟ್ ಕಳಿಸಿದ ಗಳಿಗೆಯಿಂದ. ಗೇಟ್‌ವೇ ಟೈಮ್‌ಔಟ್ 5 ಸೆಕೆಂಡ್, ಹಾಗಾಗಿ ದಾರಿಯಲ್ಲಿರುವ ಸಂದೇಶವೂ 30ರೊಳಗೆ ಮುಗಿಯುತ್ತದೆ. ಗಡಿಯಾರ ಮೊನೊಟಾನಿಕ್ (ಹಿಂದೆ ಹೋಗದೆ, ನೆಗೆಯದೆ ಸಾಗುವಂಥದ್ದು) ಆಗಿರಲೇಬೇಕು. ಕರೆಂಟ್ ಬಂದ ಮೇಲೆ, ನೆಟ್ ನೋಡಿ ಗಡಿಯಾರ ಸರಿಪಡಿಸುವ ಎನ್‌ಟಿಪಿ ಸಮಯವನ್ನು ಹಿಂದೆ ಮುಂದೆ ಎಳೆಯುತ್ತದೆ.

"ಬದುಕಿರೋ ನೋಡ್ ಯಾಕೆ ಬಾಯಿ ಮುಚ್ಚಬೇಕು?" ಅಂತ ಬೆಂಗಳೂರಿನ ಗೆಳೆಯರು ವಾದ ಮಾಡಿದರು. ಹೋದ ಮಳೆಗಾಲ ಪೂರ್ತಿ ಒಂದೂ ಜೋಡಿ ಎಸ್ಸೆಮ್ಮೆಸ್ ಹೋಗಲಿಲ್ಲ. ಈಗ ಅವರೇ ಕೋಡ್ ಕೇಳುತ್ತಿದ್ದಾರೆ.

ನೋಂದಣಿಯ ಲೀಸ್ ಬೇರೆಯೇ ಇಡಿ, ಹತ್ತು ನಿಮಿಷದ್ದು. "ಈ ನೋಡ್ ಇದೆ" ಅನ್ನುವುದಕ್ಕೂ "ಈ ಊರು ಇದರದ್ದು" ಅನ್ನುವುದಕ್ಕೂ ಒಂದೇ ಲೀಸ್ ಸಾಲದು. ಈಟಿಸಿಡಿಯ ಮೂರು ಮಷೀನಿನಲ್ಲಿ ಲೀಡರ್ ಬದಲಾದರೆ ಲೀಸಿಗೆ ಪೂರ್ತಿ ಅವಧಿ ಮತ್ತೆ ಸಿಗುತ್ತದೆ. ವಹಿಸಿಕೊಳ್ಳುವುದು ತಡವಾಗುತ್ತದೆ ಅಷ್ಟೇ, ಜೋಡಿ ಆಗಲ್ಲ. ಸಂಪರ್ಕ ಬಂದಾಗ ನಾಲ್ಕೂ ನೋಡ್ ಒಟ್ಟಿಗೆ ನುಗ್ಗದೆ, ಕಾದು ಬರುವಂತೆ ಮಾಡಿದ್ದೇನೆ. ಆಗುಂಬೆ ನೋಡಿನ ಕಾಯುವ ಲೆಕ್ಕ ಮಾತ್ರ ಬೇರೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ಅದರ ಮೇಲಿದೆ.