ಮತ್ಸ್ಯಕನ್ಯೆಯ ಕಥೆಯನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ತರುವ ಬಗೆ

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಎದುರಾಗುವ ಜೀವಿಗಳ ಕೈಪಿಡಿಯಾದ 2014ರ ಮಾನ್‌ಸ್ಟರ್ ಮ್ಯಾನ್ಯುಯಲ್ ಮತ್ಸ್ಯಮಾನವರಿಗೆ ಕೊಟ್ಟಿರುವುದು 11 ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿಯ ಅಂಕ), ಒಂದು ಈಟಿ, ನೆಲದ ಮೇಲೆ 10 ಅಡಿ ಮತ್ತು ನೀರಿನಲ್ಲಿ 40 ಅಡಿ ವೇಗ. ಹೊಸದಾಗಿ ಆಟ ಕಲಿತ ತಂಡವೂ ಇಂಥ ಜೀವಿಯನ್ನು ಒಂದೆರಡು ಏಟಿನಲ್ಲಿ ಮುಗಿಸಿ ಮುಂದೆ ಹೋಗುತ್ತದೆ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಕೋಪನ್‌ಹೇಗನ್‌ನಲ್ಲಿ ಪ್ರಕಟಿಸಿದ ಕಥೆಯ ಮತ್ಸ್ಯಕನ್ಯೆ ಯಾರ ಮೇಲೂ ಈಟಿ ಎತ್ತುವುದಿಲ್ಲ. ಆದರೂ ಅವಳನ್ನು ಮರೆಯುವುದು ಕಷ್ಟ. ಆ ಕಥೆಯ ಕಠೋರತೆಯನ್ನು ಆಟದ ಮೇಜಿಗೆ ತರಬಯಸುವ, ಆಟ ನಡೆಸುವ ಡಂಜನ್ ಮಾಸ್ಟರ್‌ಗಳು ಮಾಡಬೇಕಾದ ಕೆಲಸ ಬಲಿಷ್ಠವಾದ ಸಮುದ್ರರಾಕ್ಷಸಿಯನ್ನು ಸೃಷ್ಟಿಸುವುದಲ್ಲ, ಹಿಂದಕ್ಕೆ ಪಡೆಯಲಾಗದ ಒಂದು ಬೆಲೆಯನ್ನು ಆಟದ ನಿಯಮವಾಗಿ ಬರೆಯುವುದು.

ಮೊದಲು ಮೂಲ ಕಥೆಯನ್ನು ಒಂದು ಕರಾರುಪತ್ರವೆಂದು ಭಾವಿಸಿ ಓದಿ. ಸಮುದ್ರರಾಜನ ಆರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಹಡಗು ಮುಳುಗಿದಾಗ ರಾಜಕುಮಾರನನ್ನು ಉಳಿಸುತ್ತಾಳೆ. ಸಾಗರದವರು 300 ವರ್ಷ ಬದುಕಿ ಕೊನೆಗೆ ನೊರೆಯಾಗುತ್ತಾರೆ, ಮನುಷ್ಯರಿಗಿರುವ ಅಮರ ಆತ್ಮ ಅವರಿಗಿಲ್ಲ ಎಂಬುದನ್ನು ಅಜ್ಜಿಯಿಂದ ತಿಳಿದು ಮಾಟಗಾತಿಯ ಬಳಿಗೆ ಹೋಗುತ್ತಾಳೆ. ನಾಲಿಗೆ ಕೊಟ್ಟು ಕಾಲು ಪಡೆಯುತ್ತಾಳೆ. ಆ ಕಾಲಿನ ಪ್ರತಿ ಹೆಜ್ಜೆಯೂ ಹರಿತವಾದ ಚೂರಿಯ ಮೇಲಿಟ್ಟಂತೆ ನೋಯುತ್ತದೆ, ಮತ್ತೆ ಸಾಗರಕ್ಕೆ ಮರಳುವಂತಿಲ್ಲ, ರಾಜಕುಮಾರ ಬೇರೊಬ್ಬಳನ್ನು ವರಿಸಿದರೆ ಮರುದಿನದ ಮೊದಲ ಬೆಳಕಿಗೆ ಅವಳ ಎದೆ ಒಡೆಯುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಮಾಟಗಾತಿ ಒಂದು ಷರತ್ತನ್ನೂ ಮುಚ್ಚಿಡುವುದಿಲ್ಲ. ಇದು ಮೂರ್ಖತನ, ಇದರಿಂದ ನಿನಗೆ ದುಃಖವೇ ಗತಿ ಎಂದು ಆಕೆ ಮೊದಲೇ ಎಚ್ಚರಿಸುತ್ತಾಳೆ. ಮದ್ದಿಗೆ ತನ್ನ ಎದೆಯ ರಕ್ತವನ್ನೇ ಹನಿಸುತ್ತಾಳೆ. ಎಲ್ಲವೂ ಗೊತ್ತಿದ್ದೂ ಹುಡುಗಿ ಒಪ್ಪುವುದರಲ್ಲಿಯೇ ಕಥೆಯ ಕಠೋರತೆ ಇದೆ.

ಆದ್ದರಿಂದ ನಿಮ್ಮ ಮಾಟಗಾತಿ ಮೋಸಗಾರ್ತಿಯಾಗಬಾರದು. ಕರಾರಿನಲ್ಲಿ ಗುಪ್ತ ಷರತ್ತು ತುರುಕಿ ಮೂರನೆಯ ಸೆಷನ್ನಿನಲ್ಲಿ ಅದನ್ನು ಹೊರತೆಗೆದರೆ ಆಟಗಾರರಿಗೆ ಬರುವುದು ಸಿಟ್ಟು; ಮರುಕ್ಷಣವೇ ಅವರು ಲೋಪ ಹುಡುಕುವ ವಕೀಲರಾಗುತ್ತಾರೆ. ಷರತ್ತುಗಳನ್ನು ಒಂದು ಹಾಳೆಯ ಮೇಲೆ ಸ್ಪಷ್ಟವಾಗಿ ಬರೆದು ಮೇಜಿನ ಮಧ್ಯೆ ಇಡಿ, ಒಪ್ಪುವ ಆಟಗಾರರಿಂದ ಪಾತ್ರದ ಹೆಸರಿನಲ್ಲಿ ಸಹಿ ಮಾಡಿಸಿ, ಆ ಹಾಳೆಯನ್ನು ಕೊನೆಯವರೆಗೂ ಎಲ್ಲರ ಕಣ್ಣಿಗೆ ಬೀಳುವಂತೆ ಬಿಡಿ. ನಿಯಮಪುಸ್ತಕದ ಸೀ ಹ್ಯಾಗ್ 52 ಹಿಟ್ ಪಾಯಿಂಟ್‌ಗಳ, ಚಾಲೆಂಜ್ ರೇಟಿಂಗ್ (ಎದುರಾಳಿಯ ಬಲದ ಅಳತೆ) 2ರ ಎದುರಾಳಿ. ಕತ್ತಿ ಎಳೆದ ತಂಡದ ಮುಂದೆ ಆಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಆಕೆ ಸತ್ತರೆ ಆಕೆಯ ವಶದಲ್ಲಿರುವ ಬೆಲೆಯೂ ನಾಶವಾಗುತ್ತದೆ ಎಂಬುದನ್ನು ಅದೇ ಹಾಳೆಯಲ್ಲಿ ಸೇರಿಸಿ. ಆಕೆಯ ಮನೆಯ ವರ್ಣನೆಗೆ ಆಂಡರ್ಸನ್ ಕೊಟ್ಟ ವಿವರಗಳೇ ಸಾಕು: ಮುಳುಗಿದ ನಾವಿಕರ ಎಲುಬಿನಿಂದ ಕಟ್ಟಿದ ಗೋಡೆ, ಹಾದುಹೋಗುವುದನ್ನೆಲ್ಲ ಹಿಡಿದುಕೊಳ್ಳುವ ಅರ್ಧ ಪ್ರಾಣಿ ಅರ್ಧ ಗಿಡದಂಥ ಪಾಲಿಪ್‌ಗಳ ಕಾಡು, ಹಾವುಗಳನ್ನು ಗಂಟು ಕಟ್ಟಿ ಕಡಾಯಿ ಉಜ್ಜುವ ಮುದುಕಿ. ಇದಕ್ಕಿಂತ ಹೆಚ್ಚಿನ ಭಯಾನಕತೆಯನ್ನು ಸೇರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇಷ್ಟಕ್ಕೂ ಮೊದಲು, ಆಟಕ್ಕೆ ಮುಂಚಿನ ಮಾತುಕತೆಯಾದ ಸೆಷನ್ ಝೀರೋದಲ್ಲಿ ಆಟಗಾರರೊಡನೆ ಮುಕ್ತವಾಗಿ ಮಾತನಾಡಿ. ಅಂಗಚ್ಛೇದ, ತಿರಸ್ಕೃತ ಪ್ರೀತಿ, ಸಾವನ್ನು ತಾನಾಗಿ ಆರಿಸಿಕೊಳ್ಳುವುದು, ಇವೆಲ್ಲ ಈ ಕಥೆಯಲ್ಲಿವೆ. ಯಾರಿಗೆ ಯಾವುದು ಬೇಡ ಎಂಬುದನ್ನು ಮೊದಲೇ ಕೇಳಿ, ಬೇಡದ ವಿಷಯ ಬಂದಾಗ ಯಾರು ಬೇಕಾದರೂ ಮುಟ್ಟಿ ತಡೆಯಬಹುದಾದ ಎಕ್ಸ್ ಕಾರ್ಡ್ ಅನ್ನು ಮೇಜಿನ ಮೇಲೆ ಇಡಿ. ಮೂಲದಲ್ಲಿ ಮತ್ಸ್ಯಕನ್ಯೆ 15 ತುಂಬಿದ ಹುಡುಗಿ. ನಿಮ್ಮ ಆಟದಲ್ಲಿ ಅವಳನ್ನು ವಯಸ್ಕಳನ್ನಾಗಿ ಮಾಡಿ. 1989ರ ಡಿಸ್ನಿ ಚಿತ್ರವನ್ನಷ್ಟೇ ಬಲ್ಲ ಆಟಗಾರರು ಮದುವೆಯ ಮಂಗಳವನ್ನು ನಿರೀಕ್ಷಿಸಿ ಬರುತ್ತಾರೆ. ಈ ಸಾಹಸದಲ್ಲಿ ಅದಕ್ಕೆ ಖಾತರಿಯಿಲ್ಲ ಎಂದು ಅವರಿಗೂ ತಿಳಿಸಿಬಿಡಿ.

ಈಗ ಬೆಲೆಯ ವಿಚಾರ. ಕಥೆಯ ಮಾಟಗಾತಿ ಕೇಳುವುದು ನಾಲಿಗೆಯನ್ನಲ್ಲ, "ನಿನ್ನಲ್ಲಿರುವ ಅತ್ಯುತ್ತಮವಾದದ್ದನ್ನು"; ಆ ಹುಡುಗಿಯಲ್ಲಿದ್ದ ಅತ್ಯುತ್ತಮವಾದದ್ದು ಕಂಠವಾಗಿತ್ತು, ಅಷ್ಟೆ. ಆಟದಲ್ಲಿಯೂ ಇದೇ ಅಳತೆಗೋಲನ್ನು ಹಿಡಿಯಿರಿ. ಹಾಡಿನಿಂದ ಮಂತ್ರ ಹಾಕುವ ಬಾರ್ಡ್ ಪಾತ್ರಕ್ಕೆ ಧ್ವನಿ ಹೋದರೆ ಬದುಕೇ ತಲೆಕೆಳಗಾಗುತ್ತದೆ, ಏಕೆಂದರೆ ಬಹುಪಾಲು ಮಂತ್ರಗಳಿಗೆ ಬಾಯಿಂದ ಉಚ್ಚರಿಸುವ ಅಂಶ ಕಡ್ಡಾಯ; ಮೈನರ್ ಇಲ್ಯೂಷನ್, ಹಿಪ್ನಾಟಿಕ್ ಪ್ಯಾಟರ್ನ್‌ನಂಥ ಕೆಲವೇ ಮಂತ್ರಗಳು ಮೌನದಲ್ಲಿಯೂ ನಡೆಯುತ್ತವೆ. ಹಾಗೆ ಉಳಿಯುವ ನಾಲ್ಕಾರು ಮಂತ್ರಗಳಿಂದ ಆ ಪಾತ್ರ ಹೊಸ ಭಾಷೆಯೊಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ, ಗಾಳಿಯಲ್ಲಿ ಚಿತ್ರ ಬಿಡಿಸಿ ಮಾತನಾಡಬೇಕಾಗುತ್ತದೆ. ಆಟದ ಅತ್ಯುತ್ತಮ ಕ್ಷಣಗಳು ಅಲ್ಲಿಯೇ ಹುಟ್ಟುತ್ತವೆ. ಫೈಟರ್‌ಗೆ ಮಾತ್ರ ಧ್ವನಿ ಹೋದರೆ ನಿಯಮದ ಲೆಕ್ಕದಲ್ಲಿ ಹೆಚ್ಚಿನ ನಷ್ಟವಿಲ್ಲ. ಅವನಿಂದ ಕತ್ತಿ ಹಿಡಿಯುವ ಕೈಯ ಕೌಶಲವನ್ನೋ, ಕಾಡುಮೇಡು ಬಲ್ಲ ರೇಂಜರ್ ಪಾತ್ರದಿಂದ ಹುಟ್ಟೂರಿನ ದಾರಿಯ ನೆನಪನ್ನೋ ಕೇಳಬೇಕು.

ಮಾತು ಕಳೆದುಕೊಂಡ ಪಾತ್ರದ ಆಟಗಾರರು ಬೇಗನೆ ಕೇಳುವ ಪ್ರಶ್ನೆ, "ಪತ್ರ ಬರೆಯಬಹುದೇ?" ಎಂಬುದು. ಇದಕ್ಕೆ ಉತ್ತರ ಸಿದ್ಧವಿರಲಿ. 2014ರ ನಿಯಮಗಳ ಪ್ರಕಾರ ಮತ್ಸ್ಯಮಾನವರ ಅಕ್ವಾನ್ ನುಡಿಗೆ ಬಳಸುವುದು ಡ್ವಾರ್ಫ್ ಎಂಬ ಕುಳ್ಳ ಜನಾಂಗದ ಲಿಪಿಯನ್ನು. ಮತ್ಸ್ಯಕನ್ಯೆಯ ಪಾತ್ರ ಬಲ್ಲದ್ದು ಅದೊಂದನ್ನೇ ಎಂದಿಟ್ಟುಕೊಂಡರೆ, ರಾಜಕುಮಾರನಿಗೆ ಪತ್ರ ಬರಿಯ ಗೀಟುಗಳಾಗಿ ಕಾಣುತ್ತದೆ, ಆಸ್ಥಾನದ ಡ್ವಾರ್ಫ್ ಕಮ್ಮಾರ ಅಕ್ಷರ ಕೂಡಿಸಿ ಜೋರಾಗಿ ಓದಬಲ್ಲ, ಆದರೆ ತಾನು ಓದುತ್ತಿರುವುದು ಪ್ರೇಮವೋ ಬೈಗುಳವೋ ಅವನಿಗೂ ತಿಳಿಯದು. ಇಂಥ ಒಂದು ದೃಶ್ಯ ಅವಳ ಒಂಟಿತನವನ್ನು ಹತ್ತು ವಾಕ್ಯಗಳ ವರ್ಣನೆಗಿಂತ ಚೆನ್ನಾಗಿ ತಿಳಿಸುತ್ತದೆ. ಆದರೆ ಆಟಗಾರರನ್ನೇ ಪೂರ್ತಿ ಬಾಯಿ ಮುಚ್ಚಿ ಕೂರಿಸಬೇಡಿ. ಪಾತ್ರದ ಮನಸ್ಸಿನಲ್ಲಿ ನಡೆಯುವುದನ್ನು ಅವರು ಮೇಜಿಗೆ ಹೇಳುತ್ತಿರಲಿ, ಇತರ ಪಾತ್ರಗಳಿಗೆ ಅದು ಕೇಳಿಸದಿರಲಿ.

ಹೆಜ್ಜೆಯ ನೋವನ್ನು ಹಿಟ್ ಪಾಯಿಂಟ್ ಕಳೆಯುವ ಮೂಲಕ ತೋರಿಸುವುದು ಸುಲಭ, ಆದರೆ ತಪ್ಪು. ಒಂದು ರಾತ್ರಿಯ ನಿದ್ದೆಯಲ್ಲಿ ಅವು ತುಂಬಿಕೊಳ್ಳುತ್ತವೆ, ನೋವು ಬರಿಯ ಲೆಕ್ಕವಾಗುತ್ತದೆ. ಕಥೆಯಲ್ಲಿ ಅವಳು ನೋವಿನ ನಡುವೆಯೂ ಅರಮನೆಯಲ್ಲಿ ಯಾರೂ ಕುಣಿಯದಷ್ಟು ಸೊಗಸಾಗಿ ಕುಣಿಯುತ್ತಾಳೆ. ರಾಜಕುಮಾರನೊಡನೆ ಬೆಟ್ಟ ಹತ್ತುವಾಗ ಪಾದಗಳಿಂದ ಸುರಿಯುವ ರಕ್ತ ಎಲ್ಲರಿಗೂ ಕಾಣುತ್ತಿದ್ದರೂ ನಗುತ್ತಾಳೆ. ನೋವು ಮತ್ತು ಸೊಬಗು ಒಂದೇ ಮದ್ದಿನ ಫಲ. ನಿಯಮದಲ್ಲಿಯೂ ಅವು ಜೊತೆಗಿರಲಿ: ಕುಣಿತ, ಓಟ, ಹತ್ತುವಿಕೆ, ಈ ಮೂರಕ್ಕೂ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ಆರಿಸುವ ಅವಕಾಶ) ಕೊಡಿ, ಅದನ್ನು ಬಳಸಿದ ದಿನದ ಕೊನೆಗೆ ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋ (ದೇಹದ ತಾಳಿಕೆಯನ್ನು ಪರೀಕ್ಷಿಸುವ ದಾಳ) ಕೇಳಿ, ಸೋತರೆ ಒಂದು ಹಂತದ ಎಕ್ಸಾಷನ್ (ಬಳಲಿಕೆ) ಏರಿಸಿ. ಆರನೆಯ ಹಂತ ಸಾವು. ದೀರ್ಘ ವಿಶ್ರಾಂತಿ ಒಂದು ಹಂತವನ್ನಷ್ಟೇ ಇಳಿಸುತ್ತದೆ. ಕುಣಿಯಲೇಬೇಕೆ ಎಂಬ ಪ್ರಶ್ನೆಯನ್ನು ಆಗ ಆಟಗಾರರು ಪ್ರತಿ ದಿನ ತಾವೇ ಎದುರಿಸುತ್ತಾರೆ.

ಆಟದ ಮಂತ್ರಗಳು ಕಥೆಯ ಬಾಗಿಲುಗಳನ್ನು ತೆರೆದುಬಿಡುವ ಅಪಾಯವೂ ಇದೆ. ದೇವರ ಶಕ್ತಿಯಿಂದ ಮಂತ್ರ ಹಾಕುವ ಕ್ಲೆರಿಕ್ ಪಾತ್ರ ಐದನೆಯ ಹಂತಕ್ಕೆ ಬಂದರೆ ಶಾಪ ಕಳೆಯುವ ರಿಮೂವ್ ಕರ್ಸ್ ಕೈಗೆ ಬರುತ್ತದೆ. ಆ ಪಾತ್ರಕ್ಕೆ ಹದಿಮೂರನೆಯ ಹಂತದಲ್ಲಿ ಸಿಗುವ ರೀಜನರೇಟ್ ಮಂತ್ರ ಕಡಿದ ಅಂಗವನ್ನು 2 ನಿಮಿಷಗಳಲ್ಲಿ ಬೆಳೆಸುತ್ತದೆ, ನಾಲಿಗೆಯೂ ಅದರಲ್ಲಿ ಸೇರುತ್ತದೆ. ಇಷ್ಟಪಟ್ಟು ಕೊಟ್ಟ ಬೆಲೆ ಶಾಪವಲ್ಲ, ಗಾಯವೂ ಅಲ್ಲ ಎಂಬ ಸಾಲನ್ನು ಕರಾರಿನ ಹಾಳೆಯಲ್ಲಿಯೇ ಬರೆದಿಡುವುದು ಪ್ರಾಮಾಣಿಕ ದಾರಿ.

ಆಂಡರ್ಸನ್‌ನ ಕರಾರು ನಿಮ್ಮ ತಂಡಕ್ಕೆ ಒಗ್ಗದಿದ್ದರೆ ಬೇರೆ ಕಡಲುಗಳ ಕಥೆಗಳಿವೆ. ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳ ಸೆಲ್ಕಿ (ಸೀಲ್ ಚರ್ಮ ಕಳಚಿ ಮನುಷ್ಯರಾಗುವ ಜೀವಿ) ಕಥೆಗಳಲ್ಲಿ ಸೀಲ್ ಚರ್ಮವನ್ನು ಗಂಡ ಬಚ್ಚಿಡುತ್ತಾನೆ. ಅದು ಸಿಕ್ಕ ದಿನ ಹೆಂಡತಿ ಮಕ್ಕಳನ್ನೂ ಬಿಟ್ಟು ಕಡಲಿಗೆ ಮರಳುತ್ತಾಳೆ. ಮನೆಯೊಂದರ ಅಟ್ಟದಲ್ಲಿ ಆ ಚರ್ಮ ನಿಮ್ಮ ತಂಡದ ಕೈಗೆ ಸಿಕ್ಕರೆ ಒಂದು ಸಂಜೆಯ ಆಟಕ್ಕೆ ಅಷ್ಟೇ ಸಾಕು. ಜಪಾನಿನ ದಂತಕಥೆಯ ಯಾವೊ ಬಿಕುನಿ ಮತ್ಸ್ಯಮಾನವರ ಮಾಂಸ ತಿಂದು 800 ವರ್ಷ ಬದುಕಿ, ತನ್ನವರೆಲ್ಲರ ಸಾವನ್ನು ನೋಡಿದವಳು. ಅಲ್ಲಿ ಬೆಲೆ ತೆರುವವರು ಮನುಷ್ಯರು.

ಕೊನೆಯ ರಾತ್ರಿಗೆ ಹೆಚ್ಚು ತಯಾರಿ ಬೇಕು. ಮದುವೆಯ ಹಡಗಿನ ಬಳಿಗೆ ಅಕ್ಕಂದಿರು ಬರುತ್ತಾರೆ. ಅವರ ನೀಳಗೂದಲು ಮಾಟಗಾತಿಯ ಪಾಲಾಗಿದೆ, ಬದಲಿಗೆ ಸಿಕ್ಕಿದ್ದು ಒಂದು ಚೂರಿ. ಸೂರ್ಯ ಹುಟ್ಟುವ ಮುನ್ನ ರಾಜಕುಮಾರನ ಎದೆಯ ರಕ್ತ ಅವಳ ಪಾದಗಳ ಮೇಲೆ ಚಿಮ್ಮಿದರೆ ಬಾಲ ಮರಳುತ್ತದೆ. ಆಟದಲ್ಲಿ ಅಕ್ಕಂದಿರ ಜಾಗದಲ್ಲಿ ಉಳಿದ ಆಟಗಾರರನ್ನು ನಿಲ್ಲಿಸಿ. ಗೆಳತಿಗಾಗಿ ತಾವು ಏನನ್ನು ಕೊಟ್ಟು ಆ ಚೂರಿ ತರುತ್ತೇವೆ ಎಂಬುದನ್ನು ಅವರೇ ಮಾಟಗಾತಿಯೊಡನೆ ಮಾತನಾಡಿ ನಿರ್ಧರಿಸಲಿ. ಚೂರಿ ಅವಳ ಕೈಗೆ ಬಂದ ಮೇಲೆ ಯಾರೂ ದಾಳ ಉರುಳಿಸಬಾರದು, ಯಾರೂ ಸಲಹೆ ಕೊಡಬಾರದು. ಮರಳು ಗಡಿಯಾರವನ್ನು ತಿರುಗಿಸಿ ಇಟ್ಟು ಸುಮ್ಮನಿರಿ.

ಆಯ್ಕೆ ಯಾವುದಾದರೂ ಅದಕ್ಕೆ ತಕ್ಕ ಮುಂದುವರಿಕೆ ನಿಮ್ಮ ಬಳಿ ಇರಬೇಕು. ಅವಳು ಇರಿದರೆ ಆಯುಸ್ಸಿನಲ್ಲಿ ಉಳಿದ ವರ್ಷಗಳು ಮರಳುತ್ತವೆ, ಜೊತೆಗೆ ವಾರಸುದಾರನಿಲ್ಲದ ರಾಜ್ಯವೂ ಸೇಡಿಗೆ ಕಾದ ವಿಧವೆಯೂ ಮುಂದಿನ ಸಾಹಸಕ್ಕೆ ಸಿಗುತ್ತಾರೆ. ಚೂರಿಯನ್ನು ಕಡಲಿಗೆಸೆದರೆ, ಆಂಡರ್ಸನ್‌ನ ಕಥೆಯಂತೆ ಅವಳು ಗಾಳಿಯ ಮಗಳಾಗಿ 300 ವರ್ಷಗಳ ಸತ್ಕಾರ್ಯದಿಂದ ಆತ್ಮವನ್ನು ಗಳಿಸುವ ದಾರಿ ಹಿಡಿಯುತ್ತಾಳೆ. ಆ ಆಟಗಾರರು ಹೊಸ ಪಾತ್ರ ಮಾಡಿಕೊಳ್ಳಲಿ. ಆದರೆ ಪ್ರತಿ ಸೆಷನ್ನಿನಲ್ಲಿ ಒಮ್ಮೆ, ಗೆಳೆಯರ ಸೋತ ದಾಳವನ್ನು ಮತ್ತೆ ಉರುಳಿಸಲು ಬಿಡುವ ಹಕ್ಕು ಹಳೆಯ ಪಾತ್ರದ ಹೆಸರಿನಲ್ಲಿ ಅವರ ಬಳಿಯೇ ಉಳಿಯಲಿ, ಮತ್ತು ಅದನ್ನು ಬಳಸಿದಾಗ ಗಾಳಿ ಯಾವ ದಿಕ್ಕಿನಿಂದ ಬೀಸಿತೆಂಬುದನ್ನು ಅವರೇ ವರ್ಣಿಸಲಿ.