ಮೊದಲು ಫ್ಲಾಸ್ಕ್ ಕಾಯಲಿ, ಆಮೇಲೆ ಕಾಫಿ

ಮಳೆಗಾಲದಲ್ಲಿ ಮಡಿಕೇರಿ ಕಡೆ ಕರೆಂಟ್ ಹೋದರೆ ಬರುವ ಹೊತ್ತು ಹೇಳಲಾಗದು. ಅದಕ್ಕೇ ಕಾಫಿ ಮೇಕರ್ ಕೊಳ್ಳುವವರಿಗೆ ನಾನು ಹೇಳುವುದು ಒಂದೇ: ಗಾಜಿನ ಜಗ್ಗಿನದ್ದು ಬೇಡ, ಸ್ಟೀಲ್ ಫ್ಲಾಸ್ಕ್ ಇರುವುದನ್ನು ತನ್ನಿ. ಗಾಜಿನ ಜಗ್ಗಿನಡಿಯ ಬಿಸಿ ತಟ್ಟೆ ಕಾಫಿಯನ್ನು ಕುದಿಸಿ ಕುದಿಸಿ ಕಹಿ ಮಾಡುತ್ತದೆ, ಕರೆಂಟ್ ಹೋದರೆ ಆ ಬಿಸಿಯೂ ಇಲ್ಲ.

ಆದರೆ ಫ್ಲಾಸ್ಕಿನದ್ದು ತಂದವರೂ "ಕಾಫಿ ಬಿಸಿಯೇ ಇರಲ್ಲ" ಎಂದು ಹದಿನೈದು ದಿನಕ್ಕೆ ಅದನ್ನು ಅಟ್ಟಕ್ಕೇರಿಸುವುದನ್ನು ನೋಡಿದ್ದೇನೆ.

ತಪ್ಪು ಬಳಸುವ ರೀತಿಯಲ್ಲಿದೆ, ಸರಿಯಾದ ಕ್ರಮ ಹೇಳುತ್ತೇನೆ. ಮೊದಲು ಪುಡಿ. ಮನೆಯ ಫಿಲ್ಟರಿಗೆ ತರುವ ಚಿಕೋರಿ ಬೆರೆಸಿದ ನುಣ್ಣನೆಯ ಕಾಫಿ ಪುಡಿಯನ್ನು ಇದಕ್ಕೆ ಹಾಕಬೇಡಿ. ಚಿಕೋರಿ ನೀರು ಹಿಡಿದು ನಿಲ್ಲುತ್ತದೆ, ಕಾಗದದ ಸೋಸುಬಟ್ಟಲು ಕಟ್ಟಿಕೊಂಡು ಮೇಲಿಂದ ಉಕ್ಕುತ್ತದೆ. ಮಿಲ್ಲಿನಲ್ಲಿ "ಚಿಕೋರಿ ಬೇಡ, ಸಣ್ಣ ರವೆಯಷ್ಟು ತರಿ ಇರಲಿ" ಎಂದು ಹೇಳಿ. ನನಗೆ ಅರೇಬಿಕಾ ಜಾತಿಯ ಕಾಫಿಯೇ ಆಗಬೇಕು. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಜಿಐ ಟ್ಯಾಗ್ (ಬೆಳೆದ ಊರಿನ ಹೆಸರಿಗೆ ಸಿಗುವ ಅಧಿಕೃತ ಗುರುತು) ಸಿಕ್ಕಿದೆ, ಪಕ್ಕದ ತೋಟದ್ದು ಬಿಟ್ಟು ಅಂಗಡಿಯ ಬಣ್ಣದ ಪೊಟ್ಟಣ ಯಾಕೆ? ಲೀಟರ್ ನೀರಿಗೆ 60 ಗ್ರಾಂ ಪುಡಿ. ಟ್ಯಾಂಕಿನ ಮೇಲಿನ "ಕಪ್" ಗೆರೆ ನಂಬಬೇಡಿ, ಅದು ನಮ್ಮ ಲೋಟದ ಲೆಕ್ಕವಲ್ಲ.

ಟ್ಯಾಂಕಿಗೆ ತಣ್ಣೀರು.

ಇನ್ನು ಎಲ್ಲರೂ ಎಡವುವ ಜಾಗ. ಎರಡು ಪದರದ ನಡುವೆ ಗಾಳಿ ತೆಗೆದಿರುವ ಫ್ಲಾಸ್ಕ್ ತಾನಾಗಿ ಏನನ್ನೂ ಬಿಸಿ ಮಾಡದು, ಇದ್ದ ಬಿಸಿಯನ್ನು ಕಾಯುತ್ತದೆ ಅಷ್ಟೆ. ಜುಲೈ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲಿದ್ದ ಫ್ಲಾಸ್ಕಿನೊಳಗೆ ಕೈಯಿಟ್ಟು ನೋಡಿ, ಒಳಗಿನ ಸ್ಟೀಲ್ ಐಸಿನಂತಿರುತ್ತದೆ. ಕಾಫಿ ಹನಿಹನಿಯಾಗಿ ಬೀಳುವಾಗ ಮೊದಲ ಬಿಸಿಯನ್ನೆಲ್ಲ ಅದೇ ಹೀರಿಬಿಡುತ್ತದೆ. ಹಾಗಾಗಿ ಕೆಟಲ್ಲಿನಲ್ಲಿ ನೀರು ಕುದಿಸಿ, ಫ್ಲಾಸ್ಕಿನ ಕತ್ತಿನವರೆಗೆ ತುಂಬಿಸಿ, ಮುಚ್ಚಳ ಹಾಕಿ ಐದು ನಿಮಿಷ ಬಿಡಿ. ಅರ್ಧ ತುಂಬಿಸಿ ಕುಲುಕಿ ಚೆಲ್ಲುವ ಅಡ್ಡದಾರಿ ಸಾಲದು, ನಾನೂ ಮಾಡಿ ನೋಡಿದ್ದೇನೆ. ಯಂತ್ರದ ಸ್ವಿಚ್ ಹಾಕುವ ಗಳಿಗೆಯಲ್ಲೇ ಆ ನೀರು ಚೆಲ್ಲಿ. ನಮ್ಮ ನೆಂಟರೊಬ್ಬರು ಬೇಗ ಕಾಯಲಿ ಎಂದು ಫ್ಲಾಸ್ಕನ್ನೇ ಗ್ಯಾಸ್ ಒಲೆ ಮೇಲಿಟ್ಟರು. ಅದೀಗ ಅವರ ಮನೆಯಲ್ಲಿ ಅಕ್ಕಿ ಅಳೆಯಲು ಬಳಕೆಯಾಗುತ್ತಿದೆ.

ಮುಚ್ಚಳ ಹಾಕಿಯೇ ಯಂತ್ರದೊಳಗೆ ತಳ್ಳಿ. ಹನಿ ತಡೆಯುವ ಗುಂಡಿಯನ್ನು ಒತ್ತುವುದು ಆ ಮುಚ್ಚಳವೇ. ಸರಿಯಾಗಿ ಕೂರದಿದ್ದರೆ ದಾರಿ ತೆರೆಯದೆ ಕಾಫಿ ಕಟ್ಟೆಯ ಮೇಲೆಲ್ಲ ಹರಿಯುತ್ತದೆ.

ಇಳಿದ ಮೇಲೆ ಫ್ಲಾಸ್ಕನ್ನು ಮೆಲ್ಲಗೆ ಒಮ್ಮೆ ತಿರುಗಿಸಿ. ಮೊದಲು ಬಿದ್ದದ್ದು ಗಟ್ಟಿ, ಕೊನೆಯದು ತೆಳು, ಬೆರೆಸದೆ ಬಗ್ಗಿಸಿದರೆ ಒಬ್ಬರಿಗೆ ಕಷಾಯ, ಇನ್ನೊಬ್ಬರಿಗೆ ನೀರು. ಹಾಲು, ಬೆಲ್ಲ ಯಾವುದನ್ನೂ ಒಳಗೆ ಹಾಕಬೇಡಿ, ಲೋಟಕ್ಕೇ ಸೇರಿಸಿ. ಹಾಲು ಫ್ಲಾಸ್ಕಿನಲ್ಲಿ ಹುಳಿಯಾಗುತ್ತದೆ, ವಾಸನೆ ವಾರವಾದರೂ ಹೋಗದು. ಅರ್ಧ ಲೋಟ ಹಾಲು ಬೇಕೆನ್ನುವವರಿಗೆ ಈ ಕಾಫಿ ತೆಳುವಾಯಿತು, ಅವರು ಹಿತ್ತಾಳೆ ಫಿಲ್ಟರನ್ನೇ ಇಟ್ಟುಕೊಳ್ಳಲಿ. ಬೆಲ್ಲದ ಕರಿ ಕಾಫಿ ಕುಡಿಯುವ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ್ದು.

ಒಳಗೆ ಕಂದು ಕಲೆ ಕಟ್ಟಿದರೆ ಅಡುಗೆ ಸೋಡಾ ಎರಡು ಚಮಚ, ಬಿಸಿನೀರು ತುಂಬಿ ರಾತ್ರಿಯಿಡೀ ಬಿಡಿ. ಸ್ಟೀಲ್ ನಾರು ಹಾಕಿ ತಿಕ್ಕಬೇಡಿ. ತೊಳೆದ ಮೇಲೆ ಮುಚ್ಚಳ ತೆಗೆದು ಬೋರಲು ಹಾಕಿ, ಮಳೆಗಾಲದಲ್ಲಿ ಮುಚ್ಚಿಟ್ಟರೆ ಎರಡೇ ದಿನಕ್ಕೆ ಬೂಸಲು.