ಖಾಲಿ ಬಾಡಿಗೆ ಮನೆಗೆ ಮೊದಲು ಕುಕ್ಕರ್, ಮಂಚ ಆಮೇಲೆ

ಬೆಂಗಳೂರಿನಲ್ಲಿ ಮೊದಲ ಸಲ ಬಾಡಿಗೆ ಮನೆ ಮಾಡುವವರ ಕೈಗೆ ಬೀಗದ ಕೀ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಅಡ್ವಾನ್ಸು, ಮೊದಲ ತಿಂಗಳ ಬಾಡಿಗೆ, ಬ್ರೋಕರ್ ಕಮಿಷನ್, ಸಾಮಾನು ತಂದ ಗಾಡಿಯ ಖರ್ಚು. ಉಳಿದ ಚೂರುಪಾರು ದುಡ್ಡಿನಲ್ಲಿ ಮಂಚ ತರೋಣ, ಸೋಫಾ ತರೋಣ ಅಂತ ಹೊರಡುತ್ತೇವೆ. ದಯವಿಟ್ಟು ಆ ದುಡ್ಡನ್ನು ಅಡುಗೆಮನೆಗೆ ಹಾಕಿ. ಚಾಪೆ ಮೇಲೆ ಎರಡು ತಿಂಗಳು ಮಲಗಬಹುದು, ಏನೂ ಆಗುವುದಿಲ್ಲ. ಅದೇ ಎರಡು ತಿಂಗಳು ಮೂರು ಹೊತ್ತೂ ಹೊರಗಿನಿಂದ ಊಟ ತರಿಸಿಕೊಂಡರೆ ಮಂಚದ ದುಡ್ಡು ಅಲ್ಲೇ ಹೋಗಿರುತ್ತದೆ, ಹೊಟ್ಟೆಯೂ ಕೆಟ್ಟಿರುತ್ತದೆ.

ಸಾಮಾನು ಇಳಿಸುವ ಮೊದಲು ಒಂದು ಕೆಲಸ ಇದೆ. ಖಾಲಿ ಮನೆಯ ವಿಡಿಯೋ ಮಾಡಿ. ಗೋಡೆಯ ಕಲೆ, ಒಡೆದ ಟೈಲ್ಸ್, ಸೋರುವ ನಲ್ಲಿ, ಬಾಗಿಲಿನ ಗೀರು ಎಲ್ಲಾ ಕಾಣಬೇಕು. ಅದನ್ನು ಅದೇ ದಿನ ಮನೆ ಓನರ್‌ಗೆ ವಾಟ್ಸಾಪ್ ಮಾಡಿ. ಇಲ್ಲಿ ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಮಾಮೂಲಿ. ಅದರ ಮೇಲೆ ಇನ್ನೂ ಮುರಿದುಕೊಳ್ಳದೆ ಇರಲಿ ಅಂತ ಈ ವಿಡಿಯೋ. ಮೊಳೆ ಹೊಡೆಯುವ ಮೊದಲು ಕೇಳಿ.

ಈಗ ಪಾತ್ರೆ. ಅಂಗಡಿಗೆ ಹೋಗುವ ಮೊದಲು ಊರಿಗೆ ಹೋಗಿ ಅಮ್ಮನನ್ನೋ ಅಜ್ಜಿಯನ್ನೋ ಅಟ್ಟ ಹತ್ತಿಸದೆ ನೀವೇ ಹತ್ತಿ ನೋಡಿ. ಮದುವೆ, ಗೃಹಪ್ರವೇಶದಲ್ಲಿ ಬಂದ ಸ್ಟೀಲ್ ಪಾತ್ರೆಗಳು, ಕೊಟ್ಟವರ ಹೆಸರು ಕೆತ್ತಿಸಿದ್ದು, ಹಳೇ ಪೇಪರಿನಲ್ಲಿ ಸುತ್ತಿಕೊಂಡು ಹಾಗೇ ಕೂತಿರುತ್ತವೆ. ತಟ್ಟೆ, ಲೋಟ, ಡಬ್ಬಿ, ಸೌಟು, ಜರಡಿ ಎಲ್ಲಾ ಅಲ್ಲೇ ಸಿಗುತ್ತದೆ. ಸಿಗದೇ ಇದ್ದಿದ್ದನ್ನು ಚಿಕ್ಕಪೇಟೆ ಸುತ್ತಮುತ್ತಲ ಪಾತ್ರೆ ಅಂಗಡಿಗಳಲ್ಲಿ ತಗೊಳ್ಳಿ, ಸ್ಟೀಲ್ ಪಾತ್ರೆ ತೂಕಕ್ಕೂ ಕೊಡುತ್ತಾರೆ. ಹೊಸದಾಗಿ ದುಡ್ಡು ಹಾಕಿ ಕೊಳ್ಳಬೇಕಾದ್ದು ನಾಲ್ಕೇ ನಾಲ್ಕು: 5 ಲೀಟರ್ ಕುಕ್ಕರ್, ಕಬ್ಬಿಣದ ಬಾಣಲೆ, ಒಂದು ಒಳ್ಳೆ ಚಾಕು, ಮಿಕ್ಸಿ. ಒಬ್ಬರೇ ಇದ್ದರೂ 3 ಲೀಟರ್ ಕುಕ್ಕರ್ ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಲೆ ವಿಷಯಕ್ಕೆ ಬರೋಣ. ಗ್ಯಾಸ್ ಕನೆಕ್ಷನ್ ಬರುವವರೆಗೆ 5 ಕೆಜಿಯ ಸಣ್ಣ ಸಿಲಿಂಡರ್ ಸಿಗುತ್ತದೆ, ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ. ಆದರೆ ಕೆಜಿ ಲೆಕ್ಕದಲ್ಲಿ ಅದು ಮನೆಬಳಕೆಯ 14.2 ಕೆಜಿ ಸಿಲಿಂಡರ್‌ಗಿಂತ ದುಬಾರಿ. ಹಾಗಾಗಿ ಸುಮ್ನೆ ಕಾಲ ತಳ್ಳದೆ ಬಾಡಿಗೆ ಕರಾರು ಕೈಗೆ ಬಂದ ವಾರವೇ ಕನೆಕ್ಷನ್‌ಗೆ ಅರ್ಜಿ ಹಾಕಿ. ಇಂಡಕ್ಷನ್ ಒಲೆ ತರುವವರು ಮೊದಲು ಅಡುಗೆಮನೆಯ ಸಾಕೆಟ್ ನೋಡಿ. 2,000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ 6 ಆಂಪಿಯರ್ ಸಾಕೆಟ್‌ಗೆ, ಅದರಲ್ಲೂ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಇದನ್ನು ಹಾಕಲೇಬೇಡಿ, ವೈರು ಕರಗುತ್ತದೆ. ದೊಡ್ಡ 16 ಆಂಪಿಯರ್ ಸಾಕೆಟ್ಟೇ ಬೇಕು. ಊರಿಂದ ತಂದ ಪಾತ್ರೆಯ ತಳಕ್ಕೆ ಒಂದು ಅಯಸ್ಕಾಂತ ಇಟ್ಟು ನೋಡಿ. ಅಂಟಿಕೊಂಡರೆ ಇಂಡಕ್ಷನ್‌ಗೆ ಆಗುತ್ತದೆ, ಜಾರಿದರೆ ಆಗುವುದಿಲ್ಲ. ಇದೇ ಒಲೆಯನ್ನು ಪೂರ್ತಿ ಉರಿಯಲ್ಲಿ ಅರ್ಧ ಗಂಟೆ ಉರಿಸಿದರೆ ಒಂದು ಯೂನಿಟ್ ಕರೆಂಟು. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಗೆ ಬಾಡಿಗೆದಾರರೂ ಸೇರಬಹುದು, ಹಿಂದಿನವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಅದನ್ನು ಮೊದಲು ಬಿಡಿಸಿಕೊಳ್ಳಿ.

ಹೊಸ ಮನೆಯಲ್ಲಿ ಬೇಳೆ ಬೇಯುತ್ತಿಲ್ಲ ಅಂತ ತುಂಬಾ ಜನ ಕುಕ್ಕರನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ನೀರಿನದು. ಬೋರ್‌ವೆಲ್ ಗಡಸು ನೀರಿನಲ್ಲಿ ಎಂಟು ಸೀಟಿ ಹೊಡೆಸಿದರೂ ತೊಗರಿಬೇಳೆ ಕಾಳುಕಾಳಾಗಿ ಉಳಿಯುತ್ತದೆ. ಬಕೆಟ್ಟಿನಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತಿದ್ದರೆ ನಿಮ್ಮದು ಅದೇ ನೀರು. ಪಾತ್ರೆ ತೊಳೆಯಲು ಅದು ಸಾಕು, ಬೇಳೆಗೆ ಮತ್ತು ಅನ್ನಕ್ಕೆ ಕುಡಿಯುವ ನೀರೇ ಹಾಕಿ. ಬಡಾವಣೆಗಳಲ್ಲಿ ನಾಣ್ಯ ಹಾಕಿದರೆ ನೀರು ಬರುವ ಶುದ್ಧ ನೀರಿನ ಘಟಕ ಇರುತ್ತದಲ್ವಾ, ಒಂದು 20 ಲೀಟರ್ ಕ್ಯಾನ್ ಹಿಡಿದು ಅಲ್ಲಿಗೆ ಹೋಗಿ. ಬೇಳೆಯನ್ನು ಅರ್ಧ ಗಂಟೆ ನೆನೆಸಿಟ್ಟರೆ ಗ್ಯಾಸೂ ಉಳಿಯುತ್ತದೆ.

ಮೊದಲ ತಿಂಗಳ ದಿನಸಿ ಒಬ್ಬರಿಗೆ ನನ್ನ ಲೆಕ್ಕ ಹೀಗೆ: ಸೋನಾ ಮಸೂರಿ ಅಕ್ಕಿ 5 ಕೆಜಿ, ತೊಗರಿಬೇಳೆ 1 ಕೆಜಿ, ರಾಗಿಹಿಟ್ಟು 1 ಕೆಜಿ, ರವೆ 1 ಕೆಜಿ, ಅವಲಕ್ಕಿ ಅರ್ಧ ಕೆಜಿ, ಹೆಸರುಕಾಳು ಅರ್ಧ ಕೆಜಿ, ಎಣ್ಣೆ 1 ಲೀಟರ್, ಬೆಲ್ಲ, ಹುಣಸೆಹಣ್ಣು, ಸಾಸಿವೆ, ಜೀರಿಗೆ, ಇಂಗು, ಒಣಮೆಣಸಿನಕಾಯಿ. ಸಾರಿನ ಪುಡಿ ಮನೆಯಿಂದಲೇ ತನ್ನಿ, ಬೇರೆ ಏನು ಮರೆತರೂ ಅದನ್ನು ಮರೆಯಬೇಡಿ. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ಹುಳ ಬೇಗ ಬೀಳುವುದಿಲ್ಲ, ಬೆಳಿಗ್ಗೆ ಉಪ್ಪಿಟ್ಟಿಗೆ ಹುರಿಯುವ ಹೊತ್ತೂ ಉಳಿಯುತ್ತದೆ. ತರಕಾರಿಯನ್ನು ಎರಡು ದಿನಕ್ಕೆ ಆಗುವಷ್ಟೇ ತನ್ನಿ. ತಳ್ಳುಗಾಡಿಯವರ ರೇಟು ಸರಿಯಿದೆಯಾ ಅಂತ ನೋಡಲು ಹತ್ತಿರದ ಹಾಪ್‌ಕಾಮ್ಸ್ ಬೋರ್ಡ್ ಓದಿಕೊಳ್ಳಿ.

5 ಲೀಟರ್ ಕುಕ್ಕರ್ ಯಾಕೆ ಅಂದರೆ ಅದರೊಳಗೆ ಎರಡು ಪಾತ್ರೆ ಒಂದರ ಮೇಲೊಂದು ಕೂರುತ್ತದೆ. ತಳದಲ್ಲಿ ಎರಡು ಲೋಟ ನೀರು. ಕೆಳಗಿನ ಪಾತ್ರೆಯಲ್ಲಿ ಕಾಲು ಲೋಟ ಬೇಳೆ, ಎರಡು ಟೊಮೆಟೊ, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಮೇಲಿನದರಲ್ಲಿ ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು. ನಾಲ್ಕು ಸೀಟಿ ಆದ ಮೇಲೆ ಒಲೆ ಆರಿಸಿ, ತಾನಾಗಿ ಇಳಿಯಲು ಬಿಡಿ. ಇಂಡಕ್ಷನ್ ಮೇಲೆ ಸೀಟಿ ಬೇಗ ಬೇಗ ಬಂದುಬಿಡುತ್ತದೆ, ಒಳಗೆ ಬೇಳೆ ಬೆಂದಿರುವುದಿಲ್ಲ. ಮೊದಲ ಸೀಟಿ ಆದ ತಕ್ಷಣ ಉರಿ ಕಮ್ಮಿ ಮಾಡಿ ಹತ್ತು ನಿಮಿಷ ಬಿಡಿ. ಆಮೇಲೆ ಬೇಳೆ, ಟೊಮೆಟೊ ಹಿಸುಕಿ, ಹುಣಸೆ ರಸ, ಉಪ್ಪು, ಬೆಲ್ಲ, ಒಂದೂವರೆ ಚಮಚ ಸಾರಿನ ಪುಡಿ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಒಂದೇ ಒಲೆಯಲ್ಲಿ ಅನ್ನ, ಸಾರು ಎರಡೂ ಆಯ್ತು.

ಆದರೆ ಕಡಿಮೆ ದುಡ್ಡಿನ ಅಡುಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಬಸ್ಸಾರು. ಒಂದು ಸಲ ಬೇಯಿಸಿದರೆ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ಅರ್ಧ ಲೋಟ ತೊಗರಿಬೇಳೆಯನ್ನು ಜಾಸ್ತಿ ನೀರಿಟ್ಟು ತೆರೆದ ಪಾತ್ರೆಯಲ್ಲೇ ಬೇಯಿಸಿ. ಬೆರಳಲ್ಲಿ ಒತ್ತಿದರೆ ಬೇಳೆ ಮೆತ್ತಗಿರಬೇಕು, ಕರಗಿರಬಾರದು. ಆಗ ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಾಕಿ, ಸೊಪ್ಪು ಬೆಂದ ಮೇಲೆ ನೀರನ್ನು ಬಸಿದುಕೊಳ್ಳಿ. ಬಸಿದ ಈ ನೀರೇ ಕಟ್ಟು, ಅದನ್ನು ಒಂದು ಹನಿಯೂ ಚೆಲ್ಲಬೇಡಿ, ರುಚಿಯೆಲ್ಲಾ ಅದರಲ್ಲೇ ಇರುವುದು. ಬಾಣಲೆಯಲ್ಲಿ ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದಕ್ಕೆ ಕಾಯಿತುರಿ, ಹುಣಸೆ, ಸಾರಿನ ಪುಡಿ, ಬೆಂದ ಸೊಪ್ಪು ಬೇಳೆ ಒಂದು ಹಿಡಿ ಸೇರಿಸಿ ರುಬ್ಬಿ. ಕಟ್ಟಿಗೆ ಈ ಮಸಾಲೆ ಹಾಕಿ ಚೆನ್ನಾಗಿ ಕುದಿಸಿದರೆ ಸಾರು. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ. ಬಿಸಿ ಮುದ್ದೆ ಮಾಡಿಕೊಳ್ಳಿ. ರಾತ್ರಿ ಮಲಗುವ ಮೊದಲು ಸಾರನ್ನು ಇನ್ನೊಂದು ಸಲ ಕುದಿಸಿಟ್ಟರೆ ನಮ್ಮ ಬೆಂಗಳೂರಿನ ಹವೆಯಲ್ಲಿ, ಬೇಸಿಗೆ ಬಿಟ್ಟು, ಫ್ರಿಜ್ ಇಲ್ಲದೆಯೂ ಬೆಳಿಗ್ಗೆಗೆ ಚೆನ್ನಾಗಿರುತ್ತದೆ. ಬೆಳಿಗ್ಗೆ ಇನ್ನೂ ರುಚಿ.

ಅಡುಗೆಮನೆ ನಡೆಯಲು ಶುರುವಾದ ಮೇಲೆ ಮಂಚ. ನಾನು ಅವಸರ ಮಾಡಿದ್ದು ಇಲ್ಲೇ. ಮನೆಗೆ ಬಂದ ಮೊದಲ ವಾರವೇ ಒಂದು ಹಳೇ ಸಾಮಾನಿನ ಅಂಗಡಿಯಿಂದ ಮರದ ಮಂಚ ತಂದೆ. ಪಾಲಿಶ್ ಚೆನ್ನಾಗಿತ್ತು, ರೇಟೂ ಕಡಿಮೆ. ಹತ್ತು ದಿನಕ್ಕೆ ಕೈಮೇಲೆ ಸಾಲಾಗಿ ಗುಳ್ಳೆ ಎದ್ದವು. ತಿಗಣೆ! ಮಂಚವನ್ನು ಬಿಚ್ಚಿ, ಪ್ರತಿ ಸಂದಿಗೂ ಕುದಿಯುವ ನೀರು ಸುರಿದು, ಬಟ್ಟೆಯೆಲ್ಲಾ ಬಿಸಿನೀರಲ್ಲಿ ಒಗೆದು, ಇದನ್ನೇ ವಾರವಾರ ಮಾಡಿ, ಪೂರ್ತಿ ಹೋಗಲು ಎರಡು ತಿಂಗಳು ಹಿಡಿಯಿತು. ಆ ದಿನಗಳು ಯಾರಿಗೂ ಬೇಡ.

ಹಾಗಾಗಿ ಹಳೇ ಮಂಚ ನೋಡಲು ಹಗಲಲ್ಲಿ ಹೋಗಿ, ಆದರೂ ಟಾರ್ಚ್ ಇರಲಿ. ಕಾಲು ಮತ್ತು ಪಟ್ಟಿ ಸೇರುವ ಸಂದಿ, ಸ್ಕ್ರೂ ತೂತು, ಹಲಗೆಯ ಅಡಿಭಾಗ ನೋಡಿ. ಸಂದಿಯಲ್ಲಿ ಹಳೇ ಎಟಿಎಂ ಕಾರ್ಡನ್ನು ಗೀರಿದಂತೆ ಎಳೆದು, ಅದರ ಅಂಚನ್ನು ಬಿಳಿ ಹಾಳೆಗೆ ಒರೆಸಿ. ಪೆನ್ನಿನ ಇಂಕು ಚುಕ್ಕಿ ಇಟ್ಟ ಹಾಗೆ ಕಪ್ಪು ಕಲೆ, ತೆಳ್ಳಗಿನ ಕಂದು ಸಿಪ್ಪೆ ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ಕಬ್ಬಿಣದ ಮಂಚದಲ್ಲಿ ಸಂದಿ ಕಡಿಮೆ, ಹೊಸದೇ ಆದರೂ ಬೆಲೆ ಹೆಚ್ಚಿರುವುದಿಲ್ಲ. ಹಾಸಿಗೆ ಮಾತ್ರ ಯಾವತ್ತೂ ಹಳೆಯದು ತರಬೇಡಿ. ಹತ್ತಿ ಹಾಸಿಗೆ ಹೊಲಿಸಿಕೊಂಡರೆ ನಾಲ್ಕೈದು ವರ್ಷಕ್ಕೆ ಹತ್ತಿ ಹಿಂಜಿಸಿ ಮತ್ತೆ ತುಂಬಿಸಿಕೊಳ್ಳಬಹುದು.

ಬೀರು, ಪುಸ್ತಕದ ಕಪಾಟು, ಅಡುಗೆಮನೆ ಶೆಲ್ಫು ಇವುಗಳ ಬದಲು ತೂತು ತೂತಿನ ಕಬ್ಬಿಣದ ಆ್ಯಂಗಲ್ ರ್ಯಾಕ್ ತನ್ನಿ, ಗೋದಾಮಿನಲ್ಲಿ ಇರುತ್ತದಲ್ಲ ಅದು. ನಟ್ಟು ಬೋಲ್ಟ್ ಬಿಚ್ಚಿದರೆ ಆಟೋದಲ್ಲೇ ಇನ್ನೊಂದು ಮನೆಗೆ ಹೋಗುತ್ತದೆ, ಗೋಡೆಗೆ ಮೊಳೆಯೂ ಬೇಡ. ಮುಂದೆ ಒಂದು ಹಳೇ ಕಾಟನ್ ಸೀರೆಯ ಪರದೆ ಹಾಕಿದರೆ ನೋಡಲೂ ಚೆನ್ನ. ಹಳೇ ಮನೆಗಳ ಅಡುಗೆಮನೆಯಲ್ಲಿ ಕಡಪ ಕಲ್ಲಿನ ಶೆಲ್ಫ್ ಇದ್ದರೆ ಅಲ್ಲಿಗೆ ಈ ರ್ಯಾಕೂ ಬೇಡ.

ದೊಡ್ಡ ಸಾಮಾನು ಕೊಳ್ಳಲು ಒಳ್ಳೆ ಕಾಲ ಏಪ್ರಿಲ್, ಮೇ. ಮಕ್ಕಳ ಶಾಲೆ ಮುಗಿದು ಊರು ಬಿಡುವವರು ಫ್ರಿಜ್, ಟೇಬಲ್ ಎಲ್ಲಾ ಕೊಟ್ಟುಹೋಗುತ್ತಾರೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಕಣ್ಣಿಡಿ, ವಾಚ್‌ಮನ್ ಅಣ್ಣನಿಗೂ ಒಂದು ಮಾತು ಹೇಳಿಡಿ, ಯಾರು ಖಾಲಿ ಮಾಡುತ್ತಿದ್ದಾರೆ ಅಂತ ಅವರಿಗೇ ಮೊದಲು ಗೊತ್ತಾಗುವುದು. ಹಳೇ ಫ್ರಿಜ್ ಆದರೆ ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ, ಎಳೆದು ನೋಡಿ. ಹಿಡಿದು ಎಳೆಯಬೇಕಾದರೆ ರಬ್ಬರ್ ಚೆನ್ನಾಗಿದೆ. ಸರಾಗವಾಗಿ ಜಾರಿ ಬಂದರೆ ತಂಪು ಸೋರುತ್ತಿದೆ, ರಬ್ಬರ್ ಹಾಕಿಸುವ ಖರ್ಚನ್ನು ರೇಟಿನಲ್ಲಿ ಕಳೆಯಿರಿ. ನೀವು ಹೋಗುವ ಹೊತ್ತಿಗೆ ಅದು ಕನಿಷ್ಠ ಎರಡು ಗಂಟೆ ಆನ್ ಆಗಿರಲಿ ಅಂತ ಮೊದಲೇ ಹೇಳಿ, ಫ್ರೀಜರಿನಲ್ಲಿ ಒಂದು ಲೋಟ ನೀರು ಇಡಿಸಿ, ಮಂಜು ಕಟ್ಟುತ್ತಿರುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.